ಕಪ್ಪು ಚೀಲದೊಳಗೆ ಏನಿರಬೇಕು?

ಏಪ್ರಿಲ್ ಕಳೆದು ಮೇ ಹುಟ್ಟಿತೆಂದರೆ ಕೆಂಗೇರಿ ಕಡೆಯಿಂದ ಬರುವ ನೇರಳೆ ಮಾರ್ಗದ ಮೆಟ್ರೊದಲ್ಲಿ ಒಂದು ವಿಚಿತ್ರ ಸಾಮಾನು ಕಾಣಿಸಿಕೊಳ್ಳುತ್ತದೆ. ಅಗಲವಾದ, ಚಪ್ಪಟೆಯಾದ ಕಪ್ಪು ಚೀಲ. ಅದನ್ನು ಹಿಡಿದವರಿಗೆ ಕೂರಲೂ ಆಗದು, ನೆಟ್ಟಗೆ ನಿಲ್ಲಲೂ ಆಗದು. ವಿಜಯನಗರದಲ್ಲಿ ಹತ್ತಿದ ಹಿರಿಯರೊಬ್ಬರು ‘ಏನಪ್ಪಾ ಅದು, ಕ್ಯಾರಂ ಬೋರ್ಡಾ?’ ಎಂದು ಕೇಳಿದರೆ ಹುಡುಗ ನಾಚಿಕೊಂಡು ‘ಅಲ್ಲ ಅಂಕಲ್, ಪೋರ್ಟ್‌ಫೋಲಿಯೊ’ ಎನ್ನುತ್ತಾನೆ. ಹಾಗೆಂದರೇನು ಎಂದು ಅವರು ಕೇಳುವಷ್ಟರಲ್ಲಿ ಮೆಜೆಸ್ಟಿಕ್ ಬಂದಿರುತ್ತದೆ. ಪಕ್ಕದಲ್ಲಿ ನಿಂತ ತಂದೆಗೂ ಅದು ಪೂರ್ತಿ ತಿಳಿದಿರುವುದಿಲ್ಲ. ತಿಳಿದಿರುವುದು ಒಂದೇ: ಎರಡು ವರ್ಷ ಪಿಯುಸಿ ಸೈನ್ಸ್ ಓದಿದ ಮಗ ಈಗ ಚಿತ್ರಕಲೆಯ ಕಾಲೇಜಿಗೆ ಸೇರುತ್ತೇನೆಂದು ಹಠ ಹಿಡಿದಿದ್ದಾನೆ.

ರಾಜಾಜಿನಗರ, ಬಸವೇಶ್ವರನಗರಗಳ ಮನೆಗಳಿಗೆ ಇದು ದೊಡ್ಡ ತಿರುವೇ ಸರಿ. ರಾಜಾಜಿನಗರ ಬೆಳೆದದ್ದೇ ಕೈಗಾರಿಕೆಗಳ ಜೊತೆ. ಇಂಡಸ್ಟ್ರಿಯಲ್ ಎಸ್ಟೇಟಿನ ಶೆಡ್ಡುಗಳು, ಕಾಮಾಕ್ಷಿಪಾಳ್ಯದ ಲೇತ್ ಮೆಷಿನ್ನುಗಳು, ಬೆಳಗಿನ ಪಾಳಿಗೆ ಟಿಫನ್ ಬಾಕ್ಸ್ ಹಿಡಿದು ಹೊರಡುವವರು. ಅಜ್ಜ ಐಟಿಐ ಮಾಡಿ ಫ್ಯಾಕ್ಟರಿ ಸೇರಿದರು, ಅಪ್ಪ ಡಿಪ್ಲೊಮಾ ಮಾಡಿ ಸೂಪರ್‌ವೈಸರ್ ಆದರು. ಮನೆಯಲ್ಲಿ ಡ್ರಾಯಿಂಗ್ ಬೋರ್ಡ್ ಇರಲಿಲ್ಲ ಎಂದಲ್ಲ, ಆದರೆ ಅದು ಎಂಜಿನಿಯರಿಂಗ್ ಡ್ರಾಯಿಂಗಿನದು. ಇಂಥ ಮನೆಯಲ್ಲಿ ‘ಚಿತ್ರ ಬರೆದರೆ ಹೊಟ್ಟೆಗೇನು ಮಗಾ?’ ಎಂಬ ಪ್ರಶ್ನೆ ಬರುವುದು ಕಲೆಯ ಮೇಲಿನ ತಿರಸ್ಕಾರದಿಂದಲ್ಲ, ತಿಂಗಳ ಮೊದಲ ತಾರೀಕಿನ ಮೇಲಿನ ಗೌರವದಿಂದ. ಆ ಪ್ರಶ್ನೆಗೆ ಉತ್ತರ ಕೊಡಲೇಬೇಕು. ‘ನಿಮಗೆ ಕಲೆ ಅರ್ಥವಾಗುವುದಿಲ್ಲ’ ಎಂದು ಬಾಗಿಲು ಹಾಕಿಕೊಳ್ಳುವುದು ಉತ್ತರವಲ್ಲ.

ಈ ಕಸುಬಿನಲ್ಲಿ ಮಾರ್ಕ್ಸ್ ಕಾರ್ಡ್ ಎರಡನೆಯದು. ಕೆಲಸ ಕೊಡುವವನು ಮೊದಲು ಕೇಳುವುದು ‘ಏನು ಮಾಡಿದ್ದೀಯ, ತೋರಿಸು’ ಎಂದು. ಆ ತೋರಿಸುವ ಕಟ್ಟಿಗೆ ಪೋರ್ಟ್‌ಫೋಲಿಯೊ ಎಂದು ಹೆಸರು. ಇದು ಹೊಸದೇನೂ ಅಲ್ಲ. ಫ್ಲೆಕ್ಸ್ ಬರುವ ಮೊದಲು ಊರೂರಿನಲ್ಲಿದ್ದ ‘ಆರ್ಟ್ಸ್’ ಅಂಗಡಿಗಳ ಬೋರ್ಡ್ ಬರೆಯುವವರೂ ತಾವು ಬರೆದ ಬೋರ್ಡು, ಬ್ಯಾನರುಗಳ ಫೋಟೊ ತೆಗೆಸಿ ಆಲ್ಬಮ್ಮಿಗೆ ಅಂಟಿಸಿ ಇಟ್ಟುಕೊಳ್ಳುತ್ತಿದ್ದರು. ಗಿರಾಕಿ ಬಂದರೆ ಬಾಯಿಮಾತಿಲ್ಲ, ಆಲ್ಬಮ್ ಕೈಗೆ ಕೊಟ್ಟು ಟೀ ತರಿಸುವುದು. ಅವರಿಗೆ ಆ ಇಂಗ್ಲಿಷ್ ಪದ ಗೊತ್ತಿರಲಿಲ್ಲ, ಅಷ್ಟೇ.

ಹಾಗಾದರೆ ಆ ಕಟ್ಟಿನಲ್ಲಿ ಏನಿರಬೇಕು? ತೊಡಕು ಶುರುವಾಗುವುದು ಇಲ್ಲಿಂದ. ಅಪ್ಪ ಅಮ್ಮನಿಗೆ ಚೆಂದ ಕಾಣುವುದೇ ಬೇರೆ, ನೋಡುವ ಮೇಷ್ಟ್ರಿಗೆ ಬೇಕಾಗುವುದೇ ಬೇರೆ. ವಿಜಯನಗರದ ಒಂದು ಮನೆಯಲ್ಲಿ ಯುಗಾದಿಗೆ ಮುಂಚೆ ಮನೆ ಸಾರಿಸಿ ಗುಡಿಸುವಾಗ ತಾಯಿ ಮಗಳ ಕೋಣೆಯನ್ನೂ ಒಪ್ಪ ಮಾಡಿದರು. ಚೌಕಟ್ಟು ಹಾಕಿಸಿದ್ದ ರಾಧಾಕೃಷ್ಣ, ಗಾಜಿನ ಮೇಲಿನ ನವಿಲು, ಸಿನಿಮಾ ನಟನೊಬ್ಬನ ಪೆನ್ಸಿಲ್ ಮುಖ, ಇವನ್ನು ಬಟ್ಟೆ ಸುತ್ತಿ ಜೋಪಾನವಾಗಿ ಬೀರುವಿನ ಮೇಲಿಟ್ಟರು. ಮಂಚದ ಕೆಳಗಿದ್ದ ಹದಿನೈದು ಇಪ್ಪತ್ತು ರಫ್ ಪುಸ್ತಕಗಳು ಹಳೇ ಪೇಪರಿನವನ ತಕ್ಕಡಿಗೆ ಹೋದವು. ಅವುಗಳಲ್ಲಿ ಮಾರ್ಕೆಟ್ಟಿನ ಸೊಪ್ಪಿನವಳು, ಮಲಗಿದ ನಾಯಿ, ನಿದ್ದೆ ಹೋದ ಅಜ್ಜಿಯ ಕಾಲು, ಬಸ್ ಸ್ಟ್ಯಾಂಡಿನಲ್ಲಿ ಆಕಳಿಸುವ ಕಂಡಕ್ಟರು, ಅರ್ಧಕ್ಕೆ ಬಿಟ್ಟದ್ದು, ಗೀಚಿ ಹಾಕಿದ್ದು ಎಲ್ಲ ಇದ್ದವು. ತಾಯಿಯ ಕಣ್ಣಿಗೆ ಅದು ಹಾಳೆ ಹಾಳು ಮಾಡಿದ್ದು. ಸಂಜೆ ಕಾಲೇಜಿನಿಂದ ಬಂದ ಮಗಳು ಎರಡು ದಿನ ಊಟ ಬಿಟ್ಟಳು. ‘ಒಳ್ಳೇದನ್ನೆಲ್ಲ ಇಟ್ಟಿದ್ದೀನಲ್ಲೇ’ ಎಂದು ತಾಯಿ ಕಣ್ಣೀರು ಹಾಕಿದರು. ಅವರೂ ಸುಳ್ಳು ಹೇಳಲಿಲ್ಲ. ಆದರೆ ಸಂದರ್ಶನದಲ್ಲಿ ಕೂತವರು ಬೀರುವಿನ ಮೇಲಿನ ನವಿಲನ್ನು ಒಂದು ಗಳಿಗೆಯಲ್ಲಿ ಪಕ್ಕಕ್ಕೆ ಸರಿಸುತ್ತಾರೆ, ಅಜ್ಜಿಯ ಕಾಲಿನ ಮೇಲೆ ಐದು ನಿಮಿಷ ನಿಲ್ಲುತ್ತಾರೆ.

ಯಾಕೆಂದರೆ ನವಿಲನ್ನು ಬೇರೆ ಯಾರೋ ನೋಡಿ ಬರೆದಿದ್ದರು, ಹುಡುಗಿ ಅದನ್ನು ನಕಲು ಮಾಡಿದ್ದಳು. ಅಜ್ಜಿಯ ಕಾಲನ್ನು ನೋಡಿದ್ದು ಅವಳೇ. ಚೌಕ ಎಳೆದು ಫೋಟೊವನ್ನು ದೊಡ್ಡದು ಮಾಡುವುದು ಕೈಯ ತಾಳ್ಮೆಯನ್ನು ತೋರಿಸುತ್ತದೆ, ಕಣ್ಣಿನ ಕೆಲಸವನ್ನಲ್ಲ. ಪ್ರವೇಶ ಕೊಡುವವರು ಹುಡುಕುವುದು ಕಣ್ಣನ್ನು.

ಹಾಗೆಂದು ನೋಡುವವರು ಎಂದೂ ತಪ್ಪುವುದಿಲ್ಲವೆಂದು ತಿಳಿಯಬೇಕಿಲ್ಲ. ಮೈಸೂರಿನ ಹುಡುಗ ಆರ್.ಕೆ. ಲಕ್ಷ್ಮಣ್ (1921–2015) ಮುಂಬಯಿಯ ಜೆ.ಜೆ. ಕಲಾಶಾಲೆಗೆ ಅರ್ಜಿ ಹಾಕಿದಾಗ, ತಮ್ಮಲ್ಲಿ ಸೇರಿಸಿಕೊಳ್ಳುವಷ್ಟು ಪ್ರತಿಭೆ ಈ ಚಿತ್ರಗಳಲ್ಲಿಲ್ಲ ಎಂದು ಅಲ್ಲಿಂದ ಉತ್ತರ ಬಂತು. ಕಿಟಕಿಯಾಚೆಯ ಒಣಗಿದ ರೆಂಬೆ, ಸೌದೆ ಒಡೆಯುವ ಆಳು, ಮಾಡಿನ ಮೇಲಿನ ಕಾಗೆಗಳನ್ನು ಚಿಕ್ಕಂದಿನಿಂದ ಬರೆಯುತ್ತಿದ್ದ ಹುಡುಗ ಅವರು. ಪತ್ರ ಬಂದ ಮೇಲೂ ಬರೆಯುವುದು ನಿಲ್ಲಲಿಲ್ಲ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬಿ.ಎ. ಓದುತ್ತ ರಾಶಿಯವರ ‘ಕೊರವಂಜಿ’ಗೆ ವ್ಯಂಗ್ಯಚಿತ್ರ ಬರೆದರು, ಅಣ್ಣ ಆರ್.ಕೆ. ನಾರಾಯಣ್ ಅವರ ಕಥೆಗಳಿಗೆ ‘ದಿ ಹಿಂದೂ’ ಪತ್ರಿಕೆಯಲ್ಲಿ ಚಿತ್ರ ಬರೆದರು. 1947ರಲ್ಲಿ ‘ಟೈಮ್ಸ್ ಆಫ್ ಇಂಡಿಯಾ’ ಸೇರುವ ಹೊತ್ತಿಗೆ ತೋರಿಸಲು ಅವರ ಬಳಿ ಅಚ್ಚಾದ ಕೆಲಸವೇ ಇತ್ತು. ಕಾಲೇಜು ಬೇಡವೆಂದದ್ದನ್ನು ಪತ್ರಿಕೆಗಳು ಬೇಕೆಂದವು. ಎಲ್ಲರಿಗೂ ಹೀಗೇ ಆಗುತ್ತದೆಂದು ಯಾರೂ ಭರವಸೆ ಕೊಡಲಾರರು. ಆದರೆ ಒಂದು ಕಡೆ ಸೀಟು ಸಿಗದ ಮಗುವನ್ನು ‘ನಿನಗೆ ಕಲೆ ಬರುವುದಿಲ್ಲ’ ಎಂದು ಮನೆಯಲ್ಲಿ ಮೂದಲಿಸುವ ಮೊದಲು ಈ ಕಥೆ ನೆನಪಿರಲಿ.

ಕಲೆ ಓದಿದವರೆಲ್ಲ ಒಂದೇ ದಾರಿಯಲ್ಲಿ ಹೋಗುವುದಿಲ್ಲ. ಪೋರ್ಟ್‌ಫೋಲಿಯೊ ಒಂದೇ ಅಚ್ಚಿನದಾಗಿರಬಾರದು ಎನ್ನುವುದಕ್ಕೂ ಇದೇ ಕಾರಣ. ರಾಜಾಜಿನಗರಕ್ಕೆ ದೂರವೇನಲ್ಲದ ಶೇಷಾದ್ರಿಪುರದ ಕೆನ್ ಕಲಾಶಾಲೆಯನ್ನೇ ನೋಡಬಹುದು. ಬಾದಾಮಿಯ ಆರ್.ಎಂ. ಹಡಪದ್ ಅವರು 1960ರ ದಶಕದ ಕೊನೆಯಲ್ಲಿ ಕಟ್ಟಿದ ಶಾಲೆ ಅದು. ಅಲ್ಲಿ ಕಲಿತ ಜೆ.ಎಂ.ಎಸ್. ಮಣಿ ಬಾದಾಮಿಯ ಜನರನ್ನು ಗಾಢ ಬಣ್ಣಗಳಲ್ಲಿ ಬರೆದು ಹೆಸರಾದರು, ಅದೇ ಶಾಲೆಯಲ್ಲಿ ಪಾಠವನ್ನೂ ಹೇಳಿದರು. ಪುತ್ತೂರಿನ ಚಂದ್ರನಾಥ ಆಚಾರ್ಯ ಅವರ ಕಥಾಚಿತ್ರಗಳನ್ನು ಕನ್ನಡ ಪತ್ರಿಕೆಗಳ ಓದುಗರು ವರ್ಷಗಟ್ಟಲೆ ನೋಡಿದ್ದಾರೆ. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅಲ್ಲಿಂದ ಶಾಂತಿನಿಕೇತನಕ್ಕೆ, ಲಂಡನ್ನಿನ ರಾಯಲ್ ಕಾಲೇಜಿಗೆ ಹೋದರು. ಸಗಣಿ, ದಾರ, ಸೂಜಿ, ಕುಂಕುಮಗಳನ್ನೇ ಸಾಮಗ್ರಿ ಮಾಡಿಕೊಂಡರು. 2009ರ ವೆನಿಸ್ ಬಿಯೆನಾಲೆಯಲ್ಲಿ ಅವರ ಕೃತಿಗಳಿದ್ದವು. ಕುಂಕುಮ, ಸಗಣಿಗಳಿಂದ ಮಗಳು ಅಷ್ಟು ದೂರ ಹೋದಾಳು ಎಂದು ನಮ್ಮ ಯಾವ ತಾಯಿ ತಾನೇ ಊಹಿಸಿಯಾಳು! ಮೂವರದೂ ಒಂದೇ ಶಾಲೆ, ಮೂವರ ಬದುಕೂ ಬೇರೆ.

ಈಗ ಕೈಗೆ ಹತ್ತುವ ಮಾತಿಗೆ ಬರೋಣ. ಮೊದಲು ವಿಚಾರಿಸಬೇಕಾದದ್ದು, ಸೇರಬೇಕೆಂದಿರುವ ಕಡೆ ಪೋರ್ಟ್‌ಫೋಲಿಯೊ ಕೇಳುತ್ತಾರೆಯೇ ಎಂಬುದು. ಐಐಟಿ ಬಾಂಬೆ 2015ರಿಂದ ನಡೆಸುತ್ತಿರುವ ಯುಸೀಡ್ ಬರೀ ಪರೀಕ್ಷೆ, ಅಲ್ಲಿಗೆ ಚೀಲ ಹೊತ್ತುಕೊಂಡು ಹೋಗಿ ಪ್ರಯೋಜನವಿಲ್ಲ. ಎಚ್‌ಎಂಟಿ ಲಿಂಕ್ ರಸ್ತೆಯಲ್ಲಿ ಕ್ಯಾಂಪಸ್ ಹೊಂದಿರುವ ಎನ್‌ಐಡಿ ಬಿ.ಡಿಸ್. ಪ್ರವೇಶದ ಎರಡನೇ ಹಂತದಲ್ಲಿ ಅಲ್ಲೇ ಕೂತು ಕೈಯಾರೆ ಮಾಡಿ ತೋರಿಸಲು ಹೇಳುತ್ತದೆ. ಮುಂದೆ ಎಂ.ಡಿಸ್. ಸೇರುವಾಗ ಹಿಂದಿನ ಕೆಲಸ ನೋಡುತ್ತಾರೆ. ನಾಲ್ಕು ವರ್ಷದ ಬಿ.ವಿ.ಎ. ಕಾಲೇಜುಗಳಲ್ಲಿ ಪ್ರಾಯೋಗಿಕ ಪರೀಕ್ಷೆ, ಸಂದರ್ಶನ ಮತ್ತು ತಂದ ಚಿತ್ರಗಳಿಗೆ ಎಷ್ಟು ತೂಕ ಎಂಬುದು ಕಾಲೇಜಿನಿಂದ ಕಾಲೇಜಿಗೆ ಬೇರೆ. ಪ್ರಾಸ್ಪೆಕ್ಟಸ್ ಓದುವುದು ಪೋಷಕರು ವಹಿಸಿಕೊಳ್ಳಬಹುದಾದ ಒಳ್ಳೆಯ ಕೆಲಸ, ಮಕ್ಕಳು ಅದನ್ನು ಓದುವುದಿಲ್ಲ. ಹೈಸ್ಕೂಲಿನಲ್ಲಿರುವಾಗಲೇ ರಾಜ್ಯದ ಪರೀಕ್ಷಾ ಮಂಡಳಿಯ ಡ್ರಾಯಿಂಗ್ ಲೋಯರ್, ಹೈಯರ್ ಗ್ರೇಡ್ ಪರೀಕ್ಷೆಗಳಿಗೆ ಕೂತವರಿಗೆ ವಸ್ತುಚಿತ್ರ, ನೆನಪಿನ ಚಿತ್ರ, ಅಕ್ಷರ ಬರವಣಿಗೆಗಳ ರೂಢಿಯಾದರೂ ಆಗಿರುತ್ತದೆ.

ಹದಿನೈದರಿಂದ ಇಪ್ಪತ್ತು ಚಿತ್ರ ಸಾಕು. ಎಂಬತ್ತು ತುಂಬಿದರೆ ನೋಡುವವರಿಗೆ ಅರ್ಥವಾಗುವುದು ಇಷ್ಟೇ: ಈ ಮಗುವಿಗೆ ತನ್ನ ಒಳ್ಳೆಯದು ಯಾವುದೆಂದು ಗೊತ್ತಿಲ್ಲ. ಬರೆಯುವುದಕ್ಕಿಂತ ಆರಿಸುವುದು ಕಷ್ಟ. ತುಂಬ ದಿನ ಹಿಡಿದ ಚಿತ್ರದ ಮೇಲೆ ಮಮತೆ ಹೆಚ್ಚು, ಆದರೆ ಹಿಡಿದ ದಿನಗಳು ಹಾಳೆಯ ಮೇಲೆ ಕಾಣುವುದಿಲ್ಲ. ಕೂತ ಮನುಷ್ಯ, ನಡೆಯುವ ಮನುಷ್ಯ, ಒಂದು ಬೀದಿ, ಮನೆಯ ಪಾತ್ರೆ ಪಡಗ, ಬಣ್ಣದ ಕೆಲಸ, ಮನಸ್ಸಿನಿಂದ ಕಟ್ಟಿದ್ದು ಒಂದೆರಡು, ಇದರ ಜೊತೆಗೆ ಒಂದು ರಫ್ ಪುಸ್ತಕ ಹಾಗೆಯೇ. ಒಂದು ಒಳ್ಳೆಯದರಿಂದ ಶುರು ಮಾಡಿ ಇನ್ನೊಂದು ಒಳ್ಳೆಯದರಿಂದ ಮುಗಿಸಬೇಕು. ನಕಲು ಇದ್ದರೆ ಯಾರ ಚಿತ್ರದ ನಕಲೆಂದು ಕೆಳಗೆ ಬರೆದರೆ ಅಪರಾಧವೇನಿಲ್ಲ, ಬರೆಯದಿದ್ದರೆ ಅಪರಾಧವೇ. ಒಂದು ಸಾಲು ಟೈಪ್ ಮಾಡಿದರೆ ಕಂಪ್ಯೂಟರೇ ಚಿತ್ರ ತಯಾರಿಸಿ ಕೊಡುವ ಈ ದಿನಗಳಲ್ಲಿ, ಇದು ನಿನ್ನದೇ ಎಂದು ಸಾಕ್ಷಿ ಹೇಳುವುದು ಆ ಕೊಳಕು ರಫ್ ಪುಸ್ತಕವೇ. ತಪ್ಪಿದ ಗೆರೆ, ಮತ್ತೆ ಎಳೆದ ಗೆರೆ, ಅಂಚಿನಲ್ಲಿ ಬರೆದ ಟಿಪ್ಪಣಿ ಎಲ್ಲ ಅಲ್ಲಿರುತ್ತವೆ.

ಕೋಚಿಂಗ್ ತರಗತಿಗಳ ಬಗ್ಗೆ ಒಂದು ಮಾತು. ಒಳ್ಳೆಯವೂ ಇವೆ. ಆದರೆ ಒಂದೇ ಬುಟ್ಟಿ ಹಣ್ಣು, ಒಂದೇ ಹಿತ್ತಾಳೆ ಚೊಂಬು, ಒಂದೇ ಕಡೆಯಿಂದ ಬೆಳಕು, ಮೇಷ್ಟ್ರೇ ತಿದ್ದಿದ ನೆರಳು, ಹೀಗೆ ಒಂದು ಬ್ಯಾಚಿನ ಮೂವತ್ತು ಮಕ್ಕಳೂ ಒಂದೇ ಪೋರ್ಟ್‌ಫೋಲಿಯೊ ಹೊತ್ತು ಹೋದರೆ ಸಂದರ್ಶಕರಿಗೆ ಮೂರನೇ ಮಗುವಿನ ಹೊತ್ತಿಗೆ ಎಲ್ಲ ತಿಳಿದುಹೋಗುತ್ತದೆ. ಆಮೇಲೆ ಒಂದು ಹಾಳೆ ಕೊಟ್ಟು ‘ನಿನ್ನ ಬೀದಿಯ ಮೂಲೆ ಬರಿ’ ಎಂದರೆ ಕೈ ನಿಂತುಬಿಡುತ್ತದೆ. ಬೀದಿಯ ಮೂಲೆಗೇನು ಬರವೇ? ನವರಂಗ್ ಸಿಗ್ನಲ್ಲು, ಕೆಂಗೇರಿ ಬಸ್ ನಿಲ್ದಾಣ, ಇಂಡಸ್ಟ್ರಿಯಲ್ ಎಸ್ಟೇಟಿನ ತಗಡಿನ ಮಾಡು, ಎಲ್ಲ ಪುಕ್ಕಟೆ ಸಿಗುವ ಪಾಠ. ಬಸ್ಸಿಗೆ ಕಾಯುವ ಇಪ್ಪತ್ತು ನಿಮಿಷ ಸಾಕು.

ಓದು ಮುಗಿದು ಕೆಲಸಕ್ಕೆ ಹೊರಟಾಗ ಇದೇ ಚೀಲ ನಡೆಯುವುದಿಲ್ಲ, ಹೊಸದಾಗಿ ಕಟ್ಟಬೇಕು. ಕಾಲೇಜು ಕೇಳುವುದು ನೀನು ಹೇಗೆ ನೋಡುತ್ತೀಯ ಎಂದು, ಕಂಪನಿ ಕೇಳುವುದು ನಮ್ಮ ಕೆಲಸ ನಿನ್ನಿಂದ ಆಗುತ್ತದೆಯೇ ಎಂದು. ಉಪ್ಪಿನಕಾಯಿ ಬಾಟಲಿಗೆ ಲೇಬಲ್ ಮಾಡಿದ್ದರೆ ಕೊನೆಯ ಲೇಬಲ್ ಒಂದನ್ನೇ ಇಡುವುದಲ್ಲ. ಮೊದಲು ಗೀಚಿದ ಇಪ್ಪತ್ತು ಪುಟ್ಟ ಚಿತ್ರಗಳು, ಅವುಗಳಲ್ಲಿ ಬಿಟ್ಟಿದ್ದು ಯಾಕೆ, ಬಾಟಲಿ ಅಂಗಡಿಯ ಸಾಲಿನಲ್ಲಿ ಕೂತಾಗ ಹೇಗೆ ಕಂಡಿತು, ಇಷ್ಟನ್ನೂ ತೋರಿಸಬೇಕು. ನಮ್ಮ ಮಕ್ಕಳಿಗೆ ಇಲ್ಲೊಂದು ಅನುಕೂಲವಿದೆ, ಅದನ್ನು ಬಳಸುವವರು ಕಡಿಮೆ. ಕನ್ನಡ ಅಕ್ಷರವನ್ನು ಚೆಂದವಾಗಿ ಬರೆಯಬಲ್ಲವರು ಬೇಕಾಗಿದ್ದಾರೆ. ಒತ್ತಕ್ಷರ ಕೆಳಗಿಳಿಯುತ್ತದೆ, ಗುಣಿತ ಮೇಲೆ ಚಾಚುತ್ತದೆ. ಇಂಗ್ಲಿಷಿಗೆ ಬಿಟ್ಟಷ್ಟೇ ಜಾಗ ಬಿಟ್ಟರೆ ಎರಡು ಸಾಲು ಜಗಳಕ್ಕೆ ಬೀಳುತ್ತವೆ. ಅಂಗಡಿ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಿಗೆ ತಿದ್ದುಪಡಿಯಾಯಿತು, ಆದರೂ ಊರಿನ ಎಷ್ಟೋ ಬೋರ್ಡುಗಳಲ್ಲಿ ಕನ್ನಡ ಹಿಚುಕಿ ಕೂರಿಸಿದಂತಿದೆ. ಪೋರ್ಟ್‌ಫೋಲಿಯೊದಲ್ಲಿ ನಾಲ್ಕು ಒಳ್ಳೆಯ ಕನ್ನಡ ಫಲಕಗಳಿದ್ದರೆ ಅದು ಅನ್ನದ ದಾರಿಯೂ ಹೌದು.

ಅನಿಮೇಷನ್, ವಿಎಫ್‌ಎಕ್ಸ್ ಸ್ಟುಡಿಯೊಗಳು ಬೆಂಗಳೂರಿನಲ್ಲಿ ಸಾಕಷ್ಟು ಮನೆಗಳಿಗೆ ಧೈರ್ಯ ಕೊಟ್ಟಿವೆ. ಆದರೆ 2025ರ ಫೆಬ್ರುವರಿ ಕೊನೆಯಲ್ಲಿ ಟೆಕ್ನಿಕಲರ್ ಕಂಪನಿ ಕುಸಿದಾಗ ಅದರ ಬೆಂಗಳೂರು ಸ್ಟುಡಿಯೊ ಕೂಡ ಮುಚ್ಚಿತು, ಬಹಳ ಜನ ಏಕಾಏಕಿ ಕೆಲಸ ಕಳೆದುಕೊಂಡರು. ಇಂಥ ಸ್ಟುಡಿಯೊಗಳಲ್ಲಿ ಮಾಡಿದ ಕೆಲಸವನ್ನು ಸಿನಿಮಾ ಬಿಡುಗಡೆಯಾಗುವ ಮೊದಲು ಹೊರಗೆ ತೋರಿಸಬಾರದೆಂದು ಕರಾರು ಇರುವುದು ಸಾಮಾನ್ಯ. ಸಂಬಳ ಬರುತ್ತಿರುವಾಗಲೂ ವಾರಕ್ಕೊಂದು ಸಂಜೆ ತನ್ನದೇ ಚಿತ್ರಕ್ಕೆ ಇಟ್ಟುಕೊಂಡವರಿಗೆ ಇಂಥ ಹೊತ್ತಿನಲ್ಲಿ ತೋರಿಸಲು ಏನಾದರೂ ಇರುತ್ತದೆ. ಉಳಿದವರು ಮತ್ತೆ ಮೊದಲ ಪುಟದಿಂದ ಶುರು ಮಾಡಬೇಕು.

ಬೆಲೆ ಹೇಳುವುದೂ ಒಂದು ವಿದ್ಯೆ. ಚಿತ್ರಕಲಾ ಪರಿಷತ್ತು ನಡೆಸುತ್ತ ಬಂದಿರುವ ಚಿತ್ರಸಂತೆಯಲ್ಲಿ, ಜನವರಿಯ ಒಂದು ಭಾನುವಾರ ಕುಮಾರಕೃಪಾ ರಸ್ತೆಯುದ್ದಕ್ಕೂ ಜನ ಚಿತ್ರ ನೋಡುತ್ತ ‘ಎಷ್ಟು?’ ಎಂದು ಕೇಳುತ್ತಾರೆ. ಕಾಗದ, ಬಣ್ಣ, ಚೌಕಟ್ಟು, ತನ್ನ ದಿನಗೂಲಿ ಇಷ್ಟನ್ನೂ ಒಮ್ಮೆಯಾದರೂ ಕೂಡಿ ನೋಡದ ವಿದ್ಯಾರ್ಥಿ ಅಲ್ಲಿ ತಡವರಿಸುತ್ತಾನೆ. ಲೆಕ್ಕ ಹಾಕಿಕೊಡಲು ಫ್ಯಾಕ್ಟರಿಯಲ್ಲಿ ಕಾಸ್ಟಿಂಗ್ ನೋಡಿದ ಅಪ್ಪನಿಗಿಂತ ಒಳ್ಳೆಯ ಮೇಷ್ಟ್ರು ಬೇಕೇ?

ಇನ್ನು ಮನೆಯವರು ಮಾಡಬಹುದಾದ ಸಣ್ಣ ಕೆಲಸಗಳು. ಚಿತ್ರದ ಫೋಟೊ ತೆಗೆಯುವುದಾದರೆ ಟ್ಯೂಬ್‌ಲೈಟಿನ ಕೆಳಗೆ ಬೇಡ, ಬೆಳಗ್ಗೆ ಹತ್ತರ ಹೊತ್ತಿಗೆ ಕಿಟಕಿ ಪಕ್ಕದಲ್ಲಿ, ನೇರ ಬಿಸಿಲು ಬೀಳದಂತೆ, ಗಾಜು ತೆಗೆದು, ಹಾಳೆಯ ನಾಲ್ಕು ಅಂಚೂ ಕಾಣುವಂತೆ ತೆಗೆಯಬೇಕು. ಹಾಳೆಯ ಹಿಂದೆ ಪೆನ್ಸಿಲಿನಲ್ಲಿ ತಾರೀಕು, ಅಳತೆ, ಯಾವ ಬಣ್ಣ ಎಂದು ಬರೆದಿಡಬೇಕು. ಬಾಲ್‌ಪೆನ್ ಬೇಡ, ಗುರುತು ಮುಂದಕ್ಕೆ ಮೂಡುತ್ತದೆ. ಮಳೆಗಾಲದಲ್ಲಿ ಮಂಚದ ಕೆಳಗಿನ ನೆಲ ಶೀತ ಹಿಡಿಯುವುದರಿಂದ ರಫ್ ಪುಸ್ತಕಗಳನ್ನು ಅಟ್ಟದ ಮೇಲೆ, ಹಳೆಯ ಕಾಟನ್ ಸೀರೆಯಲ್ಲಿ ಸುತ್ತಿ ಇಡುವುದು ಒಳ್ಳೆಯದು. ಗಂಟಿನ ಮೇಲೆ ದೊಡ್ಡದಾಗಿ, ಹಳೇ ಪೇಪರಿನವನಿಗೆ ಕೊಡಬಾರದು ಎಂದು ಒಂದು ಚೀಟಿ.