ಒಂದು ಮುಷ್ಟಿಯ ಲೆಕ್ಕ



ಕಳೆದ ಬೇಸಿಗೆಯಲ್ಲಿ ಅಮೆರಿಕದಿಂದ ಬಂದ ಮಗಳು ನನಗಾಗಿ ಮೂರು ಡಬ್ಬಿಗಳನ್ನು ತಂದಿದ್ದಳು. ಎಣ್ಣೆ ಸೋಕಿಸದೆ ಹುರಿದು, ಉಪ್ಪು ಸವರಿದ ಮಿಶ್ರ ಬೀಜಗಳು. ಕಡಲೆಕಾಯಿ ಬೀಜ, ಬಾದಾಮಿ, ಗೋಡಂಬಿಗಳ ನಡುವೆ ಅಲ್ಲೊಂದು ಇಲ್ಲೊಂದು ಹೇಜಲ್ ಮತ್ತು ಬ್ರೆಜಿಲ್ ಬೀಜ. “ಅಪ್ಪಾ, ಬೋಂಡಾ, ಚಕ್ಕುಲಿ ಬಿಟ್ಟು ಇದನ್ನು ತಿನ್ನು. ಹೃದಯಕ್ಕೆ ಒಳ್ಳೆಯದು” ಎಂದಳು. ಮಗಳ ಮಾತನ್ನು ನಾನು ಅಷ್ಟು ಶ್ರದ್ಧೆಯಿಂದ ಹಿಂದೆಂದೂ ಪಾಲಿಸಿದವನಲ್ಲ. ಬೆಳಿಗ್ಗೆ ಪತ್ರಿಕೆಯ ಜೊತೆಗೊಂದು ಮುಷ್ಟಿ, ಸಂಜೆ ಕಾಫಿಯ ಜೊತೆಗೊಂದು, ರಾತ್ರಿ ವಾರ್ತೆ ನೋಡುತ್ತಾ ಲೆಕ್ಕವಿಲ್ಲದಷ್ಟು. 454 ಗ್ರಾಂ ತೂಕದ ಡಬ್ಬಿ ಐದೇ ದಿನಗಳಲ್ಲಿ ಬರಿದಾಗುತ್ತಿತ್ತು. ಹದಿನೈದು ದಿನಗಳಲ್ಲಿ ಮೂರೂ ಮುಗಿದವು.

ಆ ತಿಂಗಳ ತಪಾಸಣೆಗೆ ಹೋದಾಗ ರಕ್ತದೊತ್ತಡ 158/96 ಇತ್ತು. ಹಿಂದಿನ ತಿಂಗಳು 138/84 ಇದ್ದುದು. ನಮ್ಮೂರಿನ ಆ ವೈದ್ಯರು ನನ್ನ ಶಿಷ್ಯರೇ. “ಸಾರ್, ಹೊಸದಾಗಿ ಏನು ತಿನ್ನುತ್ತಿದ್ದೀರಿ?” ಎಂದು ಕೇಳಿದರು. ನಾನು ಹೆಮ್ಮೆಯಿಂದಲೇ ಡಬ್ಬಿಯ ವಿಷಯ ಹೇಳಿದೆ. “ಅದರ ಮೇಲೆ ಬರೆದಿರುವುದನ್ನು ಓದಿದಿರಾ? ಪ್ರಶ್ನೆಪತ್ರಿಕೆಯನ್ನು ಎರಡು ಸಲ ಓದಿ ಆಮೇಲೆ ಉತ್ತರ ಬರೆಯಿರಿ ಎಂದು ನಮಗೆ ಹೇಳುತ್ತಿದ್ದವರು ನೀವೇ ಅಲ್ಲವೇ?” ಎಂದು ನಕ್ಕರು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ವಿಜ್ಞಾನ ಬೋಧಿಸಿದ ನಾನು ತಲೆ ತಗ್ಗಿಸಿ ಮನೆಗೆ ಬಂದೆ.

ಅಷ್ಟರಲ್ಲಿ ನನ್ನ ಶ್ರೀಮತಿ ಖಾಲಿ ಡಬ್ಬಿಗೆ ಸಾಸಿವೆ ತುಂಬಿ ಅಡುಗೆಮನೆಯ ಗೂಡಿನಲ್ಲಿಟ್ಟಿದ್ದಳು. ಅದನ್ನು ಕೆಳಗಿಳಿಸಿ, ಭೂತಗನ್ನಡಿ ಹಿಡಿದು ಓದಲು ಕುಳಿತೆ. ಒಂದು ಬಾರಿಯ ಸೇವನೆ ಎಂದರೆ 28 ಗ್ರಾಂ. ಅದರಲ್ಲಿ 170 ಕ್ಯಾಲೊರಿ, ಕೊಬ್ಬು 15 ಗ್ರಾಂ, ಪ್ರೋಟೀನ್ 5 ಗ್ರಾಂ, ಸೋಡಿಯಂ 190 ಮಿಲಿಗ್ರಾಂ. ಇವು ಗಾಬರಿ ಹುಟ್ಟಿಸುವ ಅಂಕಿಗಳಲ್ಲ. ಆದರೆ ಐದು ದಿನಕ್ಕೆ ಒಂದು ಡಬ್ಬಿ ಎಂದರೆ ನಾನು ದಿನಕ್ಕೆ ತಿಂದದ್ದು 90 ಗ್ರಾಂ! ಅಂದರೆ ಸುಮಾರು 550 ಕ್ಯಾಲೊರಿ, 600 ಮಿಲಿಗ್ರಾಮಿಗೂ ಹೆಚ್ಚು ಸೋಡಿಯಂ. ಒಂದು ಗ್ರಾಂ ಅಡುಗೆ ಉಪ್ಪಿನಲ್ಲಿ ಸುಮಾರು 400 ಮಿಲಿಗ್ರಾಂ ಸೋಡಿಯಂ ಇರುವುದರಿಂದ ಅದು ಒಂದೂವರೆ ಗ್ರಾಂ ಉಪ್ಪಿಗೆ ಸಮ. ವಯಸ್ಕರು ದಿನವಿಡೀ ಸೇವಿಸುವ ಉಪ್ಪು 5 ಗ್ರಾಮಿಗಿಂತ ಕಡಿಮೆಯಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳಗಳ ಉಪ್ಪು ಎಂದಿನಂತೆ ಇದ್ದೇ ಇತ್ತು. ದೇಹದಲ್ಲಿ ಸೋಡಿಯಂ ಹೆಚ್ಚಿದರೆ ಅದು ನೀರನ್ನು ಹಿಡಿದಿಡುತ್ತದೆ. ರಕ್ತದ ಪ್ರಮಾಣ ಏರುತ್ತದೆ. ನಾಳಗಳ ಗೋಡೆಯ ಮೇಲಿನ ಒತ್ತಡವೂ ಏರುತ್ತದೆ. ಇದನ್ನು ನಾನೇ ಕಪ್ಪುಹಲಗೆಯ ಮೇಲೆ ಚಿತ್ರ ಬರೆದು ವಿವರಿಸಿದ್ದೆ. ಏರಿಕೆಯ ದೋಷವನ್ನೆಲ್ಲ ಆ ಡಬ್ಬಿಗಳ ಮೇಲೆ ಹೊರಿಸುವುದು ನ್ಯಾಯವಲ್ಲ. ವಯಸ್ಸಿನ ಪಾಲೂ ಇದೆ. ಆದರೂ ಒಂದು ಮಾತು ನಿಜ. ಉಪ್ಪು ಬೀಜದ ಮೇಲ್ಮೈಯಲ್ಲೇ ಇರುವುದರಿಂದ ನಾಲಿಗೆಗೆ ಥಟ್ಟನೆ ತಾಗುತ್ತದೆ, ಕೈಯನ್ನು ಮತ್ತೆ ಮತ್ತೆ ಡಬ್ಬಿಗೆ ಕರೆಯುತ್ತದೆ. ಉಪ್ಪಿಲ್ಲದ ಬೀಜವಾಗಿದ್ದರೆ ನನ್ನ ಕೈ ಇಷ್ಟು ಉತ್ಸಾಹ ತೋರುತ್ತಿರಲಿಲ್ಲ.

ಮಗಳು ಹೇಳಿದ್ದು ಸುಳ್ಳೇ ಹಾಗಾದರೆ? ಖಂಡಿತ ಅಲ್ಲ. ಈ ಬೀಜಗಳ ಕೊಬ್ಬಿನಲ್ಲಿ ಹೆಚ್ಚಿನ ಪಾಲು ಹೃದಯಕ್ಕೆ ಹಿತವಾದ ಅಪರ್ಯಾಪ್ತ ಕೊಬ್ಬು. ಬಾದಾಮಿಯಲ್ಲಿ ಇ ಜೀವಸತ್ವ ಸಮೃದ್ಧ. ಬ್ರೆಜಿಲ್ ಬೀಜ ಒಂದೇ ಒಂದು ತಿಂದರೂ ದಿನಕ್ಕೆ ಬೇಕಾದ ಸೆಲೆನಿಯಂ ದೊರೆಯಬಲ್ಲದು; ಹಾಗೆಂದೇ ಅದನ್ನು ಮುಷ್ಟಿಗಟ್ಟಲೆ ತಿನ್ನಬಾರದು. ಹುರಿಯುವ ಶಾಖಕ್ಕೆ ಥಯಮಿನ್‌ನಂಥ ಜೀವಸತ್ವಗಳು ಒಂದಷ್ಟು ನಷ್ಟವಾದರೂ ಪ್ರೋಟೀನ್, ನಾರು, ಖನಿಜಗಳು ಬಹುತೇಕ ಉಳಿಯುತ್ತವೆ. ಇನ್ನು ‘ಎಣ್ಣೆಯಿಲ್ಲದೆ ಹುರಿದದ್ದು’ ಎಂಬ ಮಾತಿಗೆ ನಾವು ಹೆಚ್ಚು ಮರುಳಾಗಬೇಕಿಲ್ಲ. ಬೀಜದ ತೂಕದಲ್ಲಿ ಅರ್ಧದಷ್ಟು ಅದರದೇ ಎಣ್ಣೆ. ಹೊರಗಿನ ಎಣ್ಣೆಯಲ್ಲಿ ಹುರಿದರೂ ಕ್ಯಾಲೊರಿಯ ವ್ಯತ್ಯಾಸ ಅತ್ಯಲ್ಪ.

ಸ್ಪೇನಿನಲ್ಲಿ ಹೃದ್ರೋಗದ ಅಪಾಯವುಳ್ಳ ಸುಮಾರು 7,400 ಮಂದಿಯ ಮೇಲೆ ನಡೆದ ‘ಪ್ರೆಡಿಮೆಡ್’ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ವಿಧಾನದಲ್ಲಿದ್ದ ಲೋಪಗಳನ್ನು ಸರಿಪಡಿಸಿ 2018ರಲ್ಲಿ ಅದನ್ನು ಮರುಪ್ರಕಟಿಸಲಾಯಿತು. ಅಲ್ಲಿನ ಮೆಡಿಟರೇನಿಯನ್ ಪದ್ಧತಿಯ ಊಟದೊಡನೆ ದಿನಕ್ಕೆ 30 ಗ್ರಾಂ ಮಿಶ್ರ ಬೀಜ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಹೃದಯ ಸಂಬಂಧಿ ಸಾವುಗಳು ಒಟ್ಟಾರೆ ಕಡಿಮೆಯಾಗಿದ್ದವು. ಗಮನಿಸಿ, ಅಲ್ಲಿಯೂ ಮಾತು 30 ಗ್ರಾಮಿನದು, ಡಬ್ಬಿಯದಲ್ಲ.

ಈ ಲೆಕ್ಕವನ್ನೆಲ್ಲ ಕಾಗದದ ಮೇಲೆ ಬರೆಯುತ್ತಿದ್ದಾಗ 1991ರ ಒಂದು ದಿನ ನೆನಪಾಯಿತು. ಆಗ ನಾನು ಚಳ್ಳಕೆರೆಯ ಸೀಮೆಯ ಒಂದು ಪ್ರೌಢಶಾಲೆಯಲ್ಲಿದ್ದೆ. ಮಳೆಯನ್ನೇ ನಂಬಿ ಶೇಂಗಾ ಬೆಳೆಯುವ ನಾಡು. ಒಂಬತ್ತನೆಯ ತರಗತಿಗೆ ಆಹಾರದಲ್ಲಿರುವ ಶಕ್ತಿಯನ್ನು ತೋರಿಸಬೇಕಿತ್ತು. ಸೂಜಿಗೆ ಒಂದು ಶೇಂಗಾ ಬೀಜ ಚುಚ್ಚಿ, ಬೆಂಕಿ ತಾಗಿಸಿ, 20 ಮಿಲಿಲೀಟರ್ ನೀರಿದ್ದ ಪ್ರನಾಳದ ಕೆಳಗೆ ಹಿಡಿದೆ. ಬೀಜ ಪುಟ್ಟ ಹಣತೆಯಂತೆ ಉರಿಯಿತು, ಉಷ್ಣಮಾಪಕದ ಪಾದರಸ ಸರಸರನೆ ಮೇಲೇರಿತು. ಮಕ್ಕಳೆಲ್ಲ ಬೆರಗಿನಿಂದ ನೋಡುತ್ತಿದ್ದರು. ಹಿಂದಿನ ಬೆಂಚಿನ ಹುಡುಗನೊಬ್ಬ ಮಾತ್ರ ಎದ್ದು ನಿಂತು, “ಸಾರ್, ಉಳಿದ ಬೀಜ ತಿನ್ನಬಹುದಾ?” ಎಂದ. ತರಗತಿ ಗೊಳ್ಳೆಂದು ನಕ್ಕಿತು. “ನಿನಗೆ ಪಾಠಕ್ಕಿಂತ ಹೊಟ್ಟೆಯೇ ಹೆಚ್ಚೇನೋ?” ಎಂದು ನಾನು ಗದರಿದೆ. ಅವನು ತಲೆತಗ್ಗಿಸಿ ಕುಳಿತ.

ಆ ವರ್ಷ ಮಳೆ ಕೈಕೊಟ್ಟಿತ್ತು. ಅವನು ಮೂರು ಮೈಲಿ ನಡೆದು, ಬೆಳಿಗ್ಗೆ ಏನೂ ತಿನ್ನದೆ ಶಾಲೆಗೆ ಬರುತ್ತಿದ್ದನೆಂದು ಮರುದಿನ ಅವನ ಊರಿನ ಇನ್ನೊಬ್ಬ ಹುಡುಗ ಹೇಳಿದ. ಆಗಿನ್ನೂ ಪ್ರೌಢಶಾಲೆಗಳಿಗೆ ಬಿಸಿಯೂಟ ಬಂದಿರಲಿಲ್ಲ. ಕ್ಯಾಲೊರಿಯ ವ್ಯಾಖ್ಯೆಯನ್ನು ಬಾಯಿಪಾಠ ಮಾಡಿದ್ದವನು ನಾನು. ಅದರ ಅರ್ಥವನ್ನು ಹೊಟ್ಟೆಯಿಂದ ಬಲ್ಲವನು ಅವನು. ಒಂದು ಹೊತ್ತಿನ ಆಹಾರವನ್ನು ಹಸಿದ ಮಗುವಿನ ಕಣ್ಣೆದುರೇ ಸುಟ್ಟು ತೋರಿಸಿದ್ದೆನಲ್ಲ ಎಂದು ಆ ರಾತ್ರಿ ನಿದ್ದೆ ಬರಲಿಲ್ಲ. ಮುಂದಿನ ಸಂತೆಯಲ್ಲಿ ಕಾದ ಮರಳಿನಲ್ಲಿ ಹುರಿದ ಶೇಂಗಾ ಎರಡು ಸೇರು ತಂದು ಪ್ರಯೋಗಶಾಲೆಯ ಬೀರುವಿನಲ್ಲಿಟ್ಟೆ. ಅದೂ ಎಣ್ಣೆಯಿಲ್ಲದೆ ಹುರಿದದ್ದೇ! ನಾನು ಆ ಶಾಲೆ ಬಿಡುವವರೆಗೂ ಆ ಡಬ್ಬಿ ಬರಿದಾಗದಂತೆ ನೋಡಿಕೊಂಡೆ. ನಿಮ್ಮಲ್ಲಿ ಕೆಲವರಿಗೆ ಅದರ ನೆನಪಿರಬಹುದು. ಅದು ಹೇಗೆ ಆರಂಭವಾಯಿತೆಂದು ಇಂದಿನವರೆಗೆ ಯಾರಿಗೂ ಹೇಳಿರಲಿಲ್ಲ. ಆ ಹುಡುಗನ ಬಳಿ ನಾನು ಕ್ಷಮೆಯನ್ನೂ ಕೇಳಲಿಲ್ಲ. ಮೇಷ್ಟ್ರುಗಳು ಆಗ ಹಾಗೆಲ್ಲ ಕೇಳುತ್ತಿರಲಿಲ್ಲ. ಅವನು ಇದನ್ನು ಓದಿದರೆ, ಈಗ ಕೇಳುತ್ತಿದ್ದೇನೆ ಎಂದು ತಿಳಿಯಲಿ.

ಇನ್ನೊಂದು ಸಂಗತಿ. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದೆ. ಬಾದಾಮಿಯಲ್ಲಿ 21, ಗೋಡಂಬಿಯಲ್ಲಿ 18, ಅಕ್ರೋಟಿನಲ್ಲಿ 15. ತೊಗರಿ, ಕಡಲೆಗಳ ವಂಶಕ್ಕೆ ಸೇರಿದ ಈ ಬಡವರ ಬೀಜ ಡಬ್ಬಿಯ ಶ್ರೀಮಂತರ ನಡುವೆ ಸಂಕೋಚಪಡಬೇಕಾಗಿಲ್ಲ. ಮುಗ್ಗಿದ, ಮುದುಡಿದ, ಕಹಿಯಾದ ಬೀಜವನ್ನು ಮಾತ್ರ ನುಂಗದೆ ಉಗುಳಿಬಿಡಿ. ಬೂಷ್ಟು ಹಿಡಿದ ಶೇಂಗಾದಲ್ಲಿ ಅಫ್ಲಟಾಕ್ಸಿನ್ ಎಂಬ ವಿಷ ಹುಟ್ಟಬಹುದು, ಹುರಿದರೂ ಅದು ಪೂರ್ತಿ ನಾಶವಾಗದು. 1960ರಲ್ಲಿ ಇಂಗ್ಲೆಂಡಿನಲ್ಲಿ ಇಂಥ ಶೇಂಗಾ ಹಿಂಡಿ ತಿಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳು ಸತ್ತ ಮೇಲೆಯೇ ಈ ವಿಷ ಬೆಳಕಿಗೆ ಬಂದದ್ದು. ಕಹಿ ಬೀಜವನ್ನು ಉಗುಳಿಸುತ್ತಿದ್ದ ನಮ್ಮ ಅಜ್ಜಿಗೆ ಅದರ ಹೆಸರು ಗೊತ್ತಿರಲಿಲ್ಲ, ಅಷ್ಟೆ.

ಈಗ ನಮ್ಮ ಮನೆಯಲ್ಲಿ 28 ಗ್ರಾಂ ಹಿಡಿಯುವ ಪುಟ್ಟ ಸ್ಟೀಲ್ ಬಟ್ಟಲೊಂದಿದೆ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ತೂಗಿಸಿ ಆರಿಸಿದ್ದು. ಸಂಜೆ ಅದರ ತುಂಬ ಉಪ್ಪಿಲ್ಲದ ಹುರಿದ ಬೀಜ, ಮೇಲೆ ನಾಲ್ಕು ಹನಿ ನಿಂಬೆರಸ, ಚಿಟಿಕೆ ಮೆಣಸಿನ ಪುಡಿ. ಎರಡನೆಯ ಸಲ ಕೈ ಚಾಚಿದರೆ, “ರೀ, ಬಟ್ಟಲು ಒಂದೇ ಇರೋದು” ಎಂಬ ಎಚ್ಚರಿಕೆ ಒಳಗಿನಿಂದ ಬರುತ್ತದೆ. ಮಾತ್ರೆಯ ಬದಲಾವಣೆಯೂ ಸೇರಿ ಒತ್ತಡ ಮತ್ತೆ 136/84ಕ್ಕೆ ಇಳಿದಿದೆ. ಮೂತ್ರಪಿಂಡದ ತೊಂದರೆ ಅಥವಾ ಬೀಜಗಳ ಅಲರ್ಜಿ ಇರುವವರು ನನ್ನ ಬಟ್ಟಲನ್ನು ಅನುಸರಿಸದೆ ತಮ್ಮ ವೈದ್ಯರನ್ನೇ ಕೇಳಬೇಕು.

ಒಂದು ಮುಷ್ಟಿ ಬೀಜದ ಪೌಷ್ಟಿಕ ಮೌಲ್ಯವನ್ನು ಡಬ್ಬಿಯ ಮೇಲೆ ಅಚ್ಚು ಹಾಕಬಹುದು. ಅದು ಯಾರ ಮುಷ್ಟಿ, ದಿನದ ಎಷ್ಟನೆಯ ಮುಷ್ಟಿ ಎಂಬುದನ್ನು ಅಚ್ಚು ಹಾಕಲಾಗದು. ಆ ಹುಡುಗನಿಗೆ ಅದು ಮಧ್ಯಾಹ್ನದವರೆಗಿನ ಬಲವಾಗಿತ್ತು, ನನಗೆ ಹೆಚ್ಚುವರಿ ಮಾತ್ರೆಯಾಯಿತು. ಮಗಳಿಗೆ ಹೇಳಿದ್ದೇನೆ: ಮುಂದಿನ ಸಲ ಉಪ್ಪಿಲ್ಲದ್ದನ್ನು ತಾ, ಒಂದೇ ಡಬ್ಬಿ ಸಾಕು.

ಎಲ್ಲರಿಗೂ ಆಯುರಾರೋಗ್ಯ ಲಭಿಸಲಿ.