ಹೊಳಪು ಹೋದ ಗಡಿಯಾರ

ಅಭ್ಯಾಸ ಬೋಧನೆಯ ಎರಡನೇ ವಾರ. ಒಂಬತ್ತನೇ ತರಗತಿಗೆ ‘ಸಮಸ್ಥಾನಿಗಳು’ ಪಾಠ. ‘ಕತ್ತಲೆಯಲ್ಲಿ ಹೊಳೆಯುವ ವಸ್ತು ಯಾವುದಾದರೂ ನೋಡಿದ್ದೀರಾ?’ ಎಂಬುದು ನನ್ನ ಪೀಠಿಕಾ ಪ್ರಶ್ನೆ. ‘ಬೈಕಿನ ರೇಡಿಯಂ, ಮಿಸ್!’ ಎಂದು ಅರ್ಧ ತರಗತಿ ಕೂಗಿತು. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು, ‘ನಮ್ಮ ತಾತನ ಅಲಾರಂ ಗಡಿಯಾರದ ಅಂಕಿಗಳು ಮೊದಲು ರಾತ್ರಿಯೆಲ್ಲ ಹೊಳೀತಿದ್ವಂತೆ, ಈಗ ಹೊಳೆಯಲ್ಲ. ಅದರಲ್ಲೂ ರೇಡಿಯಂ ಇದೆಯಾ ಮಿಸ್?’ ಎಂದ.

‘ಇದ್ದಿರಬಹುದು. ಹೊಳಪು ಹೋಗಿದೆಯಲ್ಲ, ಅದರ ಶಕ್ತಿಯೂ ಮುಗಿದಿರುತ್ತದೆ. ಭಯವಿಲ್ಲ’ ಎಂದುಬಿಟ್ಟೆ. ನನ್ನ ಪಾಠಯೋಜನೆಯಲ್ಲಿ ಆ ಪ್ರಶ್ನೆಗೆ ಜಾಗವಿರಲಿಲ್ಲ. ‘ಹಾಗಾದ್ರೆ ಭಾನುವಾರ ಬಿಚ್ಚಿ, ಅಂಕಿ ಕೆರೆದು ಹೊಸ ಬಣ್ಣ ಹಚ್ತೀನಿ’ ಎಂದು ಕುಳಿತ.

ಆ ಮಾತು ಸಂಜೆಯವರೆಗೂ ಕೊರೆಯಿತು. ಪುಸ್ತಕ ತೆರೆದು ನೋಡಿದರೆ ನನ್ನ ಉತ್ತರವೇ ತಪ್ಪು. ಹಳೆಯ ಹೊಳೆಯುವ ಬಣ್ಣದಲ್ಲಿ ರೇಡಿಯಂ ಜೊತೆ ಸತುವಿನ ಸಲ್ಫೈಡ್ ಇರುತ್ತಿತ್ತು. ರೇಡಿಯಂನ ಆಲ್ಫಾ ಕಣಗಳು ಬಡಿದು ಸಲ್ಫೈಡ್ ಹೊಳೆಯುತ್ತದೆ. ವರ್ಷಗಳು ಕಳೆದಂತೆ ಸಲ್ಫೈಡ್ ಸವೆಯುತ್ತದೆ; ರೇಡಿಯಂ-226ರ ಅರ್ಧಾಯುಷ್ಯವೋ ಸುಮಾರು 1600 ವರ್ಷ! ಗಾಜು ಮುಚ್ಚಿದ್ದರೆ ಆಲ್ಫಾ ಕಣಗಳು ಹೊರಬರುವುದಿಲ್ಲ. ಕೆರೆದರೆ ಧೂಳು ಉಸಿರಿಗೆ, ಬಾಯಿಗೆ ಹೋಗಿ, ಕ್ಯಾಲ್ಸಿಯಂನಂತೆ ಮೂಳೆಯಲ್ಲಿ ಕೂರುತ್ತದೆ. ಅಮೆರಿಕದ ನ್ಯೂಜೆರ್ಸಿಯಲ್ಲಿ ಗಡಿಯಾರಗಳಿಗೆ ಇದೇ ಬಣ್ಣ ಹಚ್ಚುತ್ತಿದ್ದ ಯುವತಿಯರು ಕುಂಚದ ತುದಿಯನ್ನು ತುಟಿಯಿಂದ ಚೂಪು ಮಾಡುತ್ತಿದ್ದರು. ಅವರ ದವಡೆಗಳು ಕೊಳೆತವು, ಹಲವರು ಸತ್ತರು. ಗ್ರೇಸ್ ಫ್ರೈಯರ್ 1927ರಲ್ಲಿ ನ್ಯಾಯಾಲಯಕ್ಕೆ ಹೋದಳು.

ಮರುದಿನ ಶನಿವಾರ. ನನ್ನ ಅವಧಿ ಇರಲಿಲ್ಲ. ಮಾರ್ಗದರ್ಶಕ ಶಿಕ್ಷಕರಲ್ಲಿ ಹತ್ತು ನಿಮಿಷ ಕೇಳಿಕೊಂಡೆ. ‘ನಿನ್ನೆ ನಾನು ಹೇಳಿದ್ದು ತಪ್ಪು’ ಎಂದು ಶುರುಮಾಡಿದೆ. ಲಾಟೀನಿನ ಗಾಜಿಗೆ ಮಸಿ ಹಿಡಿದರೆ ಒಳಗಿನ ಬತ್ತಿ ಆರಿದೆ ಎಂದಲ್ಲ, ಹಾಗೆಯೇ ಇದೂ ಎಂದೆ. ಹಳೆಯ ಗಡಿಯಾರಗಳಲ್ಲೆಲ್ಲ ರೇಡಿಯಂ ಇರುವುದಿಲ್ಲ. ಆದರೆ ಉಪಕರಣವಿಲ್ಲದೆ ಖಚಿತವಾಗಿ ಹೇಳಲಾಗದು. ಆದ್ದರಿಂದ ಬಿಚ್ಚಬೇಡಿ, ಕೆರೆಯಬೇಡಿ, ಗಾಜು ಒಡೆದಿದ್ದರೆ ಮುಟ್ಟಬೇಡಿ, ಗುಜರಿಗೂ ಹಾಕಬೇಡಿ. ಬೈಕಿನ ಸ್ಟಿಕ್ಕರಿಗೆ ಹೆಸರು ಮಾತ್ರ ರೇಡಿಯಂ. ಅದು ಮೇಲೆ ಬಿದ್ದ ಬೆಳಕನ್ನು ಹಿಂದಿರುಗಿಸುತ್ತದೆ, ಅಷ್ಟೆ.

ಹಿಂದಿನ ಬೆಂಚಿನ ಹುಡುಗ ನಿಧಾನವಾಗಿ ಎದ್ದ. ‘ಮಿಸ್, ನಿನ್ನೆ ರಾತ್ರಿನೇ ಹಿಂದಿನ ಸ್ಕ್ರೂ ತೆಗೆದಿದ್ದೆ. ಗಾಜು ಇನ್ನೂ ತೆಗೆದಿಲ್ಲ.’

‘ಸ್ಕ್ರೂ ಹಾಕಿಬಿಡು. ಕೈ ತೊಳೆದುಕೋ. ಮಲಗುವ ಕೋಣೆಯಿಂದ ದೂರ ಇಡು’ ಎಂದೆ. ನನ್ನ ಧ್ವನಿ ಸಣ್ಣಗೆ ನಡುಗಿದ್ದು ಮಕ್ಕಳಿಗೂ ಕೇಳಿಸಿರಬೇಕು.

ಅಂದಿನಿಂದ ನನ್ನ ಪಾಠಯೋಜನೆಯ ಕೊನೆಯಲ್ಲಿ ಒಂದು ಸಾಲು ಖಾಲಿ ಬಿಡುತ್ತೇನೆ: ‘ಗೊತ್ತಿಲ್ಲ, ನಾಳೆ ಹೇಳುತ್ತೇನೆ’ ಎಂದ ಪ್ರಶ್ನೆಗಳಿಗಾಗಿ.