ಹೇಮಾವತಿಯ ಸೀಮೆಯ ಸಹಪಂಕ್ತಿ

ಹೊಳೆನರಸೀಪುರ ತಾಲ್ಲೂಕಿನ ಹಳೇಕೋಟೆ ಹೋಬಳಿಯಲ್ಲಿ ಸಂಚರಿಸುವ ಪ್ರವಾಸಿಗೆ ಬೇಲೂರಿನ ಶಿಲಾಬಾಲಿಕೆಯರ ದರ್ಶನವಾಗದು. ಕಣ್ಣಿಗೆ ಬೀಳುವುದು ರಾಗಿಯ ಹೊಲ, ತೆಂಗಿನ ಸಾಲು, ಕೆರೆಯ ಏರಿ. ಆದರೆ ಊಟದ ಹೊತ್ತಿಗೆ ಬಂದ ಪರಸ್ಥಳದವನಿಗೆ ಬಿಸಿಮುದ್ದೆ, ಅವರೆಕಾಳಿನ ಸಾರು ದೊರೆಯುವ ಸೀಮೆಯಿದು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಎಂಬ ಪಾಠ ಹೊಸಬನಿಗೆ ಮೊದಲ ತುತ್ತಿನಲ್ಲೇ ಆಗುತ್ತದೆ. ಅವನ ಪಾಡು ಕಂಡು ಮನೆಯವರು ನಕ್ಕರೆ ಅರ್ಧ ಸ್ನೇಹ ಬೆಳೆದಂತೆಯೇ!

ಯಾರೊಡನೆ ಉಂಡರು ಎಂಬುದರಿಂದಲೇ ಮನುಷ್ಯನ ಸ್ಥಾನ ನಿರ್ಣಯವಾಗುತ್ತಿದ್ದ ಕಾಲದಲ್ಲಿ ಹಾಸನದ ಈ ನಾಡಿಗೆ ಬಂದವರು ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ. 1792ರಲ್ಲಿ ಸ್ವದೇಶವನ್ನು ಬಿಟ್ಟ ಅವರು, 1799ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಬಳಿಕ, ಚದುರಿಹೋಗಿದ್ದ ಕ್ರೈಸ್ತರನ್ನು ಮರಳಿ ಒಗ್ಗೂಡಿಸಲು ಮೈಸೂರು ಸೀಮೆಗೆ ಬಂದರು. ಐರೋಪ್ಯರ ಸಹವಾಸವನ್ನು ತೊರೆದು ಈ ದೇಶದ ಉಡುಪನ್ನು, ಜೀವನಕ್ರಮವನ್ನು ಸ್ವೀಕರಿಸಿದರು. ಜನರು ಅವರನ್ನು 'ದೊಡ್ಡಸ್ವಾಮಿಯವರು' ಎಂದು ಕರೆದರು. ಗೋಮಾಂಸ ತಿಂದು ಮದ್ಯ ಕುಡಿಯುವ 'ಪರಂಗಿ'ಯ ಬಾಯಿಂದ ಬಂದ ಧರ್ಮವನ್ನು ಜನ ಹೇಸುತ್ತಾರೆಂಬುದನ್ನು ಅವರು ಬಲ್ಲವರಾಗಿದ್ದರು.

ಕ್ರೈಸ್ತರ ಮುಖ್ಯ ಆರಾಧನೆಯೇ ಒಂದು ಊಟದ ಸ್ಮರಣೆ. ಒಂದೇ ರೊಟ್ಟಿಯಲ್ಲಿ ಎಲ್ಲರಿಗೂ ಪಾಲು. ಇಲ್ಲಿಯಾದರೋ ಮತ ಬಿಟ್ಟವನು ಮೊದಲು ಕಳೆದುಕೊಳ್ಳುತ್ತಿದ್ದುದು ಪಂಕ್ತಿಯನ್ನು. ಅದರೊಡನೆ ಕೊಟ್ಟು ತರುವ ಸಂಬಂಧವನ್ನೂ. ಒಂದು ಪಂಕ್ತಿಯಿಂದ ಎದ್ದವನಿಗೆ ಕೂರಲು ಇನ್ನೊಂದು ಪಂಕ್ತಿ ಬೇಡವೆ? ಬರಿಯ ಉಪದೇಶದಿಂದ ಹಸಿವು ಹಿಂಗದು. ದ್ಯುಬುವಾ ತಮ್ಮವರಿಗಾಗಿ ಬೇಸಾಯದ ಗ್ರಾಮಗಳನ್ನು ನೆಲೆಗೊಳಿಸಿದರು. ಹಾಸನದ ಸಮೀಪದ ಸಾತಹಳ್ಳಿ ಅವುಗಳಲ್ಲಿ ಮುಖ್ಯವಾದುದು. ಉತ್ತು ಬಿತ್ತಿ ಒಟ್ಟಿಗೆ ಉಣ್ಣುವ ನೆರೆಹೊರೆ ಹೀಗೆ ಹುಟ್ಟಿತು. ಸಿಡುಬಿಗೆ ದೇವಿ ಹಾಕಿಸುವ ಕೆಲಸದಲ್ಲಿಯೂ ಅವರು ಶ್ರಮಿಸಿದರು.

ಅವರ ಪ್ರಸಿದ್ಧ ಗ್ರಂಥದ ಬಿರುನುಡಿಗಳನ್ನೆಲ್ಲ ಒಪ್ಪಬೇಕಾಗಿಲ್ಲ. ಅದರ ಬಹುಭಾಗ ಕೂರ್ದೂ ಎಂಬ ಹಿಂದಿನ ಜೆಸ್ವಿಟ್ ಪಾದ್ರಿಯ ಬರಹವನ್ನು ಅವಲಂಬಿಸಿದೆಯೆಂದು 1987ರಲ್ಲಿ ಸಿಲ್ವಿಯಾ ಮುರ್ ತೋರಿಸಿದ್ದಾರೆ. ಆದರೆ ತಮ್ಮ ಸೋಲಿನ ಬಗ್ಗೆ ದ್ಯುಬುವಾ ಬರೆದುದು ಸ್ವಂತದ್ದೇ. ಒಬ್ಬ ದೇಶೀಯ ಪಾದ್ರಿಯ ನೆರವಿನಿಂದ ಅಷ್ಟು ವರ್ಷಗಳಲ್ಲಿ ಮತಕ್ಕೆ ತಂದವರು ಇನ್ನೂರು ಮುನ್ನೂರು ಮಂದಿ ಮಾತ್ರ. ಅವರಲ್ಲಿ ಮೂರರಲ್ಲೆರಡು ಪಾಲು ಅಸ್ಪೃಶ್ಯರೆನಿಸಿದವರು, ಭಿಕ್ಷುಕರು. ಹಲವರು ಬಂದುದು ಸಂಬಂಧ ಬೆಳೆಸಲು ಎಂದು ಅವರೇ ಲೆಕ್ಕ ಕೊಟ್ಟಿದ್ದಾರೆ. ಅದನ್ನು ಅವರು ಕಹಿಯಾಗಿಯೇ ಬರೆದರು. ಆದರೆ ಯಾವ ಪಂಕ್ತಿಯಲ್ಲೂ ಎಲೆಯಿಲ್ಲದವನು ಎಲೆ ಹಾಕುವ ಕಡೆ ಬಂದುದರಲ್ಲಿ ಆಶ್ಚರ್ಯವೇನು? 1823ರಲ್ಲಿ ಹಿಂದಿರುಗಿದ ದ್ಯುಬುವಾ ಮತ್ತೆ ಭಾರತಕ್ಕೆ ಬರಲಿಲ್ಲ. 1848ರಲ್ಲಿ ಪ್ಯಾರಿಸಿನಲ್ಲಿ ತೀರಿಕೊಂಡರು.

ಅವರ ಬಳಿಕ ಬಂದ ಫ್ರೆಂಚ್ ಪಾದ್ರಿಗಳು ಹೇಮಾವತಿಯ ದಡದ ಶೆಟ್ಟಿಹಳ್ಳಿಯಲ್ಲಿ ಎತ್ತರದ ಕಮಾನುಗಳ ಚರ್ಚನ್ನು ಕಟ್ಟಿದರು. 1979ರಲ್ಲಿ ಗೊರೂರಿನ ಅಣೆಕಟ್ಟು ಪೂರೈಸಿತು. ಹಿನ್ನೀರು ಏರಿ, ಊರವರು ಬೇರೆಡೆ ಹೋಗಿ ನೆಲೆಸಿದರು. ಮಾಡಿಲ್ಲದ ಗೋಡೆಗಳು ಮಳೆಗಾಲದಲ್ಲಿ ನೀರಿನ ನಡುವೆ ನಿಂತಿರುತ್ತವೆ. ಬೇಸಿಗೆಯಲ್ಲಿ ನೀರಿಳಿದಾಗ ನೋಡಲು ಬಂದವರು, ಯಾವ ಜಾತಿ ಯಾವ ಮತವೆಂದು ಕೇಳದೆ, ಆ ಗೋಡೆಗಳ ನೆರಳಿನಲ್ಲಿ ಬುತ್ತಿ ಬಿಚ್ಚುತ್ತಾರೆ.